ಮಾನವಶಾಸ್ತ್ರ ಬರೆಯಲು ಕಲಿತ ಮೈಸೂರಿನ ವಿದ್ಯಾರ್ಥಿ



ಕಾಲೇಜಿನಲ್ಲಿ ಮಾನವಶಾಸ್ತ್ರದ ತರಗತಿಗೆ ಹೊಸದಾಗಿ ಸೇರಿದ ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳಿ. ಮೊದಲ ವಾರವೇ ಅಧ್ಯಾಪಕರು, "ನಿಮ್ಮ ಊರಿನ ಯಾವುದಾದರೂ ಒಂದು ಹಬ್ಬದ ಬಗ್ಗೆ ನಾಲ್ಕು ಪುಟ ಬರೆದು ತನ್ನಿ" ಎನ್ನುತ್ತಾರೆ. ಇದೇನು ದೊಡ್ಡ ವಿಷಯ ಎಂದು ಆಕೆ ಒಂದೇ ರಾತ್ರಿಯಲ್ಲಿ ತಮ್ಮೂರಿನ ಮಾರಿಹಬ್ಬದ ಬಗ್ಗೆ ಬರೆದುಕೊಡುತ್ತಾಳೆ. "ಊರಿನವರೆಲ್ಲರೂ ಭೇದಭಾವವಿಲ್ಲದೆ ಸೇರಿ ಹಬ್ಬವನ್ನು ಸಂಭ್ರಮದಿಂದ ಆಚರಿಸುತ್ತಾರೆ" ಎಂಬುದು ಅದರ ಮೊದಲ ವಾಕ್ಯ. ಪುಟಗಳು ಮರಳಿ ಬಂದಾಗ ಆ ವಾಕ್ಯದ ಕೆಳಗೆ ಕೆಂಪು ಶಾಯಿಯಲ್ಲಿ ಮೂರು ಪ್ರಶ್ನೆಗಳಿವೆ. ಎಲ್ಲರೂ ಎಂದರೆ ಯಾರು ಯಾರು? ಇದನ್ನು ನೀವು ಕಣ್ಣಾರೆ ನೋಡಿದಿರೋ, ಯಾರಾದರೂ ಹೇಳಿದ್ದೋ? ನೀವು ಆಗ ಎಲ್ಲಿ ನಿಂತಿದ್ದಿರಿ?

ಆ ವಿದ್ಯಾರ್ಥಿನಿಗೆ ಸಿಟ್ಟು ಬರುವುದು ಸಹಜ. ಪರೀಕ್ಷೆಯಲ್ಲಿ ಇಂಥ ಉತ್ತರಕ್ಕೆ ಒಳ್ಳೆಯ ಅಂಕಗಳು ಬರುತ್ತಿದ್ದವಲ್ಲ! ಆದರೆ ಮಾನವಶಾಸ್ತ್ರದ ಬರವಣಿಗೆ ಆರಂಭವಾಗುವುದೇ ಆ ಮೂರು ಪ್ರಶ್ನೆಗಳಿಂದ. ಪ್ರಶ್ನೆಗಳು ಸುಲಭವಾಗಿ ಕಂಡರೂ ಅವುಗಳಿಗೆ ಪ್ರಾಮಾಣಿಕವಾಗಿ ಉತ್ತರಿಸುವುದನ್ನು ಕಲಿಯಲು ಒಂದು ಜೀವಮಾನವೇ ಬೇಕಾಗಬಹುದು. ಹಾಗೆ ಕಲಿತವರಲ್ಲಿ ನಮ್ಮ ಮೈಸೂರಿನವರೇ ಆದ ಒಬ್ಬರ ಕಥೆಯನ್ನು ಇಲ್ಲಿ ನೋಡೋಣ. ಅವರು ಪ್ರೊಫೆಸರ್ ಎಂ. ಎನ್. ಶ್ರೀನಿವಾಸ್. ಜಗತ್ತು ಅವರನ್ನು ಭಾರತದ ಅಗ್ರಗಣ್ಯ ಸಮಾಜವಿಜ್ಞಾನಿ ಎಂದು ಗುರುತಿಸಿತು. ಇಲ್ಲಿ ನಾವು ಅವರನ್ನು ಒಬ್ಬ ವಿದ್ಯಾರ್ಥಿಯಾಗಿ, ಬರೆದುದನ್ನು ಮತ್ತೆ ಬರೆಯಬೇಕಾಗಿ ಬಂದ ಒಬ್ಬ ಕಲಿಯುವವನಾಗಿ ನೋಡುತ್ತೇವೆ.

ಮನೆಯ ಹಿಂದಿನ ಕೇರಿ

ಮೈಸೂರು ನರಸಿಂಹಾಚಾರ್ ಶ್ರೀನಿವಾಸ್ ಹುಟ್ಟಿದ್ದು 1916ರ ನವೆಂಬರ್ 16ರಂದು, ಮೈಸೂರು ನಗರದಲ್ಲಿ. ಮೈಸೂರು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದೂ ಅದೇ ವರ್ಷ. ಅವರ ಮನೆತನ ಅರಕೆರೆ ಎಂಬ ಹಳ್ಳಿಯಿಂದ ಬಂದದ್ದು. ಮಕ್ಕಳ ವಿದ್ಯಾಭ್ಯಾಸದ ಆಸೆಯಿಂದ ಹಳ್ಳಿ ಬಿಟ್ಟು ನಗರ ಸೇರಿದ ಅಂದಿನ ಅನೇಕ ಬ್ರಾಹ್ಮಣ ಕುಟುಂಬಗಳಂತೆ ಇವರದೂ ಒಂದು.

ಅವರ ಮನೆಯ ಮುಂದಿನ ರಸ್ತೆಯಲ್ಲಿ ಓದುಬರಹ ಬಲ್ಲವರ ಮನೆಗಳಿದ್ದವು. ಹಿಂಬದಿಯ ಗೋಡೆಯಾಚೆಗೆ ಬಂಡಿಕೇರಿ. ಅಲ್ಲಿ ವಾಸವಾಗಿದ್ದವರು ಕುರುಬ ಸಮುದಾಯದವರು. ಅವರ ಊಟ, ಮಾತು, ಜಗಳ, ಜಾತ್ರೆ, ಮದುವೆ ಎಲ್ಲವೂ ಬೇರೆ. ಮನೆಯಿಂದ ಕೆಲವೇ ಗಜಗಳ ದೂರದಲ್ಲಿ ಇನ್ನೊಂದು ಲೋಕವೇ ಇದ್ದುದು ಬಾಲಕನಿಗೆ ದೊಡ್ಡ ಬೆರಗು. ಮುಂದೆ ಶ್ರೀನಿವಾಸ್ ತಮ್ಮ ಬೌದ್ಧಿಕ ಜೀವನವನ್ನು ನೆನೆಯುವಾಗ, ಬೇರೊಂದು ಸಂಸ್ಕೃತಿಯನ್ನು ಕಂಡು ತಾವು ಮೊದಲು ಬೆಚ್ಚಿದ್ದು ಅಲ್ಲಿಯೇ ಎಂದು ಹೇಳಿಕೊಂಡಿದ್ದಾರೆ. ಮಾನವಶಾಸ್ತ್ರಜ್ಞ ಸಮುದ್ರ ದಾಟಿ ದೂರದ ದ್ವೀಪಕ್ಕೇ ಹೋಗಬೇಕಾಗಿಲ್ಲ. ನಮ್ಮ ಸಮಾಜದಲ್ಲಿ ಹಿತ್ತಿಲ ಗೋಡೆಯೂ ಒಂದು ಗಡಿಯೇ ಎಂಬುದನ್ನು ಈ ಸಂಗತಿ ತೋರಿಸುತ್ತದೆ.

ಅವರು ಮಹಾರಾಜಾ ಕಾಲೇಜಿನಲ್ಲಿ ಸಾಮಾಜಿಕ ತತ್ತ್ವಶಾಸ್ತ್ರವನ್ನು ಆನರ್ಸ್ ವಿಷಯವಾಗಿ ಓದಿ 1936ರಲ್ಲಿ ಪದವಿ ಪಡೆದರು. ಪ್ರೊ. ಎ. ಆರ್. ವಾಡಿಯಾ ಆ ವಿಭಾಗದ ಮುಖ್ಯಸ್ಥರಾಗಿದ್ದರು. ಸಮಾಜಶಾಸ್ತ್ರ, ನೀತಿಶಾಸ್ತ್ರ, ರಾಜಕೀಯ ಚಿಂತನೆ, ಮಾನವಶಾಸ್ತ್ರ ಎಲ್ಲವೂ ಒಂದೇ ಪಠ್ಯಕ್ರಮದಲ್ಲಿ ಅಡಕವಾಗಿದ್ದವು. ಶಾಸನ ಮತ್ತು ಪುರಾತತ್ತ್ವ ಸಂಶೋಧನೆಯಲ್ಲಿ ಹೆಸರಾದ ಡಾ. ಎಂ. ಎಚ್. ಕೃಷ್ಣ ಅವರು ಮಾನವಶಾಸ್ತ್ರವನ್ನು ಬೋಧಿಸುತ್ತಿದ್ದರು. ಓದು ವಿಶಾಲವಾಗಿತ್ತು. ಆದರೆ ಅದು ಹೆಚ್ಚಾಗಿ ಪುಸ್ತಕದ ಓದು. ಪಾಠ, ಟಿಪ್ಪಣಿ, ಪರೀಕ್ಷೆ; ಗೋಡೆಯಾಚೆಯ ಕೇರಿಗೆ ಹೋಗಿ ನೋಡಿ ಬರೆಯುವುದು ಆ ವ್ಯವಸ್ಥೆಯಲ್ಲಿ ಇರಲಿಲ್ಲ.

ಸಂಗ್ರಹದ ಬರವಣಿಗೆ

ಆ ಕಾಲದಲ್ಲಿ ಜನಜೀವನವನ್ನು ಕುರಿತು ಬರೆಯುವುದೆಂದರೆ ಮುಖ್ಯವಾಗಿ ಸಂಗ್ರಹಿಸುವುದು ಎಂದೇ ಅರ್ಥವಾಗಿತ್ತು. ಇದಕ್ಕೆ ಒಂದು ಹಿನ್ನೆಲೆಯಿದೆ. ಬ್ರಿಟಿಷ್ ಆಡಳಿತವು ಜನಗಣತಿಯ ಜೊತೆಜೊತೆಗೇ ಪ್ರಾಂತಗಳ ಜಾತಿ ಮತ್ತು ಬುಡಕಟ್ಟುಗಳ ವಿವರಗಳನ್ನು ಸಂಗ್ರಹಿಸಲು ಏರ್ಪಾಡು ಮಾಡಿತ್ತು. ಮೈಸೂರು ಸಂಸ್ಥಾನದಲ್ಲಿ ಈ ಕೆಲಸವನ್ನು ಎಚ್. ವಿ. ನಂಜುಂಡಯ್ಯನವರು ಕೈಗೊಂಡರು. ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿಗಳೂ ಅವರೇ. ಅವರ ನಂತರ ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಕೆಲಸ ಮುಂದುವರಿಸಿದರು. 1928ರಿಂದ 1935ರ ನಡುವೆ ಮೈಸೂರಿನ ಬುಡಕಟ್ಟು ಮತ್ತು ಜಾತಿಗಳ ಬಗೆಗಿನ ನಾಲ್ಕು ದೊಡ್ಡ ಸಂಪುಟಗಳು ಪ್ರಕಟವಾದವು.

ಈ ಸಂಪುಟಗಳಿಂದ ಆದ ಉಪಕಾರ ದೊಡ್ಡದು. ಇಂದಿಗೂ ಸಂಶೋಧಕರು ಅವುಗಳನ್ನು ತೆರೆದು ನೋಡುತ್ತಾರೆ. ಆದರೆ ಅವುಗಳ ಬರವಣಿಗೆಯ ಕ್ರಮವನ್ನು ಗಮನಿಸಿ. ಒಂದು ಜಾತಿ, ಅದರ ಹೆಸರಿನ ಮೂಲ, ಒಳಪಂಗಡಗಳು, ಜನನ, ಮದುವೆ, ಮರಣ, ದೇವರು, ಆಹಾರ, ಉಡುಪು; ನಂತರ ಇನ್ನೊಂದು ಜಾತಿ, ಮತ್ತೆ ಅದೇ ಕ್ರಮ. ಪ್ರತಿಯೊಂದು ಜಾತಿಯೂ ತನ್ನ ಪೆಟ್ಟಿಗೆಯಲ್ಲಿ ಒಂಟಿಯಾಗಿ ಕುಳಿತಿರುತ್ತದೆ. ಆದರೆ ಹಳ್ಳಿಯಲ್ಲಿ ಯಾವ ಜಾತಿಯೂ ಒಂಟಿಯಾಗಿ ಬದುಕುವುದಿಲ್ಲ. ಕುಂಬಾರ ಮಾಡಿದ ಮಡಕೆ ಒಕ್ಕಲಿಗನ ಮನೆಗೆ ಹೋಗುತ್ತದೆ, ಒಕ್ಕಲಿಗನ ಕಣದ ಭತ್ತ ಕುಂಬಾರನ ಮನೆಗೆ ಬರುತ್ತದೆ. ಈ ಕೊಡುಕೊಳ್ಳುವಿಕೆ, ಅದರೊಳಗಿನ ಮೇಲು ಕೀಳು, ಮುನಿಸು, ರಾಜಿ ಇವಾವುವೂ ಪೆಟ್ಟಿಗೆಗಳಲ್ಲಿ ಹಿಡಿಸುವುದಿಲ್ಲ.

ಶ್ರೀನಿವಾಸ್ 1936ರಲ್ಲಿ ಮುಂಬಯಿಗೆ ಹೋದರು. ಅಲ್ಲಿಯ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗ 1919ರಷ್ಟು ಹಿಂದೆಯೇ ಆರಂಭವಾಗಿತ್ತು. ಕೇಂಬ್ರಿಜ್‌ನಲ್ಲಿ ತರಬೇತಿ ಪಡೆದಿದ್ದ ಜಿ. ಎಸ್. ಘುರ್ಯೆ ಅದರ ಮುಖ್ಯಸ್ಥರು. ಮೈಸೂರಿನ ಮದುವೆ ಮತ್ತು ಕುಟುಂಬದ ಬಗ್ಗೆ ಶ್ರೀನಿವಾಸ್ ಎಂ.ಎ. ಪ್ರಬಂಧ ಬರೆದರು. 1942ರಲ್ಲಿ ಅದು ಪುಸ್ತಕವಾಗಿ ಬಂದಿತು. ಬಳಿಕ ಘುರ್ಯೆಯವರ ಸೂಚನೆಯಂತೆ ಕೊಡಗಿನ ಕೊಡವರನ್ನು ಕುರಿತು ಪಿಎಚ್.ಡಿ. ಕೆಲಸ ಕೈಗೊಂಡು 1944ರಲ್ಲಿ ದಪ್ಪನೆಯ ಮಹಾಪ್ರಬಂಧವನ್ನು ಸಲ್ಲಿಸಿದರು. ಅದರಲ್ಲಿ ಒಕ್ಕ, ಐನ್‌ಮನೆ, ಮದುವೆ, ಪುತ್ತರಿ, ಕೈಲ್‌ಪೊಳ್ದ್ ಎಲ್ಲದರ ವಿವರವೂ ತುಂಬಿತ್ತು. ವಿದ್ಯಾರ್ಥಿ ಶ್ರಮವಹಿಸಿದ್ದ, ಪದವಿಯೂ ದೊರೆಯಿತು. ಕಥೆ ಇಲ್ಲಿಗೇ ಮುಗಿಯಬಹುದಿತ್ತು.

ಅದೇ ಟಿಪ್ಪಣಿ, ಬೇರೆ ಪುಸ್ತಕ

ಮುಗಿಯಲಿಲ್ಲ. 1945ರಲ್ಲಿ ಶ್ರೀನಿವಾಸ್ ಆಕ್ಸ್‌ಫರ್ಡ್‌ಗೆ ಹೋದರು. ಅಷ್ಟರಲ್ಲಿ ಬ್ರಿಟನ್ನಿನ ಮಾನವಶಾಸ್ತ್ರದಲ್ಲಿ ದೊಡ್ಡ ಬದಲಾವಣೆಯೊಂದು ನಡೆದಿತ್ತು. ಹಿಂದಿನ ವಿದ್ವಾಂಸರು ಮಿಷನರಿಗಳೂ ಅಧಿಕಾರಿಗಳೂ ಕಳುಹಿಸಿದ ವರದಿಗಳನ್ನು ಓದಿ, ಗ್ರಂಥಾಲಯದಲ್ಲಿ ಕುಳಿತು ಬರೆಯುತ್ತಿದ್ದರು. ಪೋಲೆಂಡ್ ಮೂಲದ ಬ್ರೋನಿಸ್ಲಾವ್ ಮಲಿನೋವ್ಸ್ಕಿ ಮೊದಲ ಮಹಾಯುದ್ಧದ ಕಾಲದಲ್ಲಿ ಪೆಸಿಫಿಕ್ ಸಾಗರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ದೀರ್ಘಕಾಲ ನೆಲೆಸಿ, ಅಲ್ಲಿಯ ಭಾಷೆ ಕಲಿತು, ಜನರ ನಡುವೆ ಇದ್ದುಕೊಂಡೇ ನೋಡಿ ಬರೆದರು. 1922ರಲ್ಲಿ ಅವರ ಪುಸ್ತಕ ಬಂದ ಮೇಲೆ, ಕ್ಷೇತ್ರದಲ್ಲಿ ತಾನೇ ನೆಲೆಸದೆ ಬರೆಯುವುದು ಮಾನವಶಾಸ್ತ್ರವೇ ಅಲ್ಲ ಎಂಬ ಭಾವನೆ ಬೆಳೆಯಿತು.

ಆಕ್ಸ್‌ಫರ್ಡ್‌ನಲ್ಲಿ ಶ್ರೀನಿವಾಸ್ ಅವರಿಗೆ ಮಾರ್ಗದರ್ಶಕರಾಗಿ ದೊರೆತವರು ಎ. ಆರ್. ರ್‍ಯಾಡ್‌ಕ್ಲಿಫ್-ಬ್ರೌನ್. ಯಾವುದಾದರೂ ಹೊಸ ವಿಷಯದ ಮೇಲೆ ಕೆಲಸ ಮಾಡಬೇಕೆಂಬುದು ವಿದ್ಯಾರ್ಥಿಯ ಬಯಕೆ. ಗುರುಗಳ ಸಲಹೆ ಬೇರೆ: ಕೊಡವರ ಬಗ್ಗೆ ಈಗಾಗಲೇ ಕೈಯಲ್ಲಿರುವ ಸಾಮಗ್ರಿಯನ್ನೇ ಮತ್ತೊಮ್ಮೆ ನೋಡಿ, ಅವರ ಧರ್ಮಕ್ಕೂ ಸಮಾಜರಚನೆಗೂ ಇರುವ ಸಂಬಂಧವನ್ನು ಬಿಡಿಸಿ ಬರೆಯಿರಿ.

ಒಮ್ಮೆ ಬರೆದು ಪದವಿ ಪಡೆದ ವಿಷಯವನ್ನೇ ಮತ್ತೆ ಬರೆಯಬೇಕೆಂದರೆ ಯಾವ ವಿದ್ಯಾರ್ಥಿಗೆ ಇಷ್ಟವಾದೀತು? ಆದರೆ ಶ್ರೀನಿವಾಸ್ ಅವರ ಬರವಣಿಗೆಯ ಶಿಕ್ಷಣ ನಿಜವಾಗಿ ನಡೆದದ್ದು ಇಲ್ಲಿಯೇ. ಮೊದಲ ಪ್ರಬಂಧದಲ್ಲಿ ಆಚರಣೆಗಳು ಒಂದರ ಪಕ್ಕದಲ್ಲಿ ಒಂದು ಕುಳಿತಿದ್ದವು. ಈಗ ಪ್ರತಿಯೊಂದು ಆಚರಣೆಯನ್ನೂ ಒಂದೇ ಪ್ರಶ್ನೆಯ ಮುಂದೆ ತಂದು ನಿಲ್ಲಿಸಬೇಕಾಯಿತು: ಇದು ಯಾರನ್ನು ಯಾರ ಜೊತೆ ಕಟ್ಟುತ್ತದೆ?

ಕೊಡವರ ‘ಮಂಗಲ’ವನ್ನೇ ತೆಗೆದುಕೊಳ್ಳಿ. ಮದುವೆಗೂ ಮಂಗಲ ಎನ್ನುತ್ತಾರೆ. ಹಿಂದಿನ ಕಾಲದಲ್ಲಿ ಹುಲಿಯನ್ನು ಕೊಂದ ವೀರನಿಗೆ ನಡೆಯುತ್ತಿದ್ದ ಗೌರವಕ್ಕೂ ‘ನರಿ ಮಂಗಲ’ ಎಂದೇ ಹೆಸರು. ಪಟ್ಟಿ ಮಾಡುವವನಿಗೆ ಇವು ಎರಡು ಬೇರೆ ಬೇರೆ ಬಾಬತ್ತುಗಳು. ಸಂಬಂಧವನ್ನು ಹುಡುಕುವವನಿಗೆ ಮಾತ್ರ, ಒಬ್ಬ ವ್ಯಕ್ತಿಯ ಸ್ಥಾನಮಾನ ಬದಲಾಗುವುದನ್ನು ಒಕ್ಕ ಮತ್ತು ಊರು ಸೇರಿ ಒಪ್ಪಿಕೊಳ್ಳುವ ಕ್ರಮ ಇವೆರಡರಲ್ಲೂ ಕಾಣುತ್ತದೆ. ಮಡಿ ಮೈಲಿಗೆಯ ಕಟ್ಟುಪಾಡು, ಪೂರ್ವಜರ ಪೂಜೆ, ಸುಗ್ಗಿಯ ಪುತ್ತರಿ ಇವೆಲ್ಲವೂ ಹೀಗೆ ಒಕ್ಕ, ಊರು, ನಾಡು ಎಂಬ ವೃತ್ತಗಳ ಒಗ್ಗಟ್ಟಿನ ಜೊತೆ ಹೆಣೆದುಕೊಂಡವು.

ಅವರಿಗೆ 1947ರಲ್ಲಿ ಆಕ್ಸ್‌ಫರ್ಡ್‌ನ ಡಿ.ಫಿಲ್. ಪದವಿ ದೊರೆಯಿತು. 1952ರಲ್ಲಿ ಪ್ರಬಂಧವು ರ್‍ಯಾಡ್‌ಕ್ಲಿಫ್-ಬ್ರೌನ್ ಅವರ ಮುನ್ನುಡಿಯೊಡನೆ ಪುಸ್ತಕವಾಯಿತು. ಕೆಳಗಿನ ಸ್ತರದ ಜಾತಿಗಳು ಮೇಲಿನವರ ಆಚಾರ, ಆಹಾರ, ವಿಧಿಗಳನ್ನು ಅನುಸರಿಸಿ ಕೆಲವು ತಲೆಮಾರುಗಳಲ್ಲಿ ಮೇಲೇರಲು ಯತ್ನಿಸುವ ಪ್ರಕ್ರಿಯೆಗೆ ಶ್ರೀನಿವಾಸ್ ಕೊಟ್ಟ ‘ಸಂಸ್ಕೃತೀಕರಣ’ ಎಂಬ ಹೆಸರು ಈ ಪುಸ್ತಕದ ಮೂಲಕವೇ ಪ್ರಸಿದ್ಧವಾಯಿತು. ಮುಂದೆ ಈ ಪರಿಕಲ್ಪನೆಯನ್ನು ಅವರೇ ತಿದ್ದಿದರು. ಅನುಕರಣೆಗೆ ಮಾದರಿಯಾಗುವವರು ಬ್ರಾಹ್ಮಣರೇ ಆಗಬೇಕಾಗಿಲ್ಲ, ಆ ಪ್ರದೇಶದ ಬೇರೆ ಬಲಿಷ್ಠ ಜಾತಿಯೂ ಆಗಬಹುದು ಎಂದು ವಿಸ್ತರಿಸಿದರು.

ಇಲ್ಲಿ ನಾವು ಗಮನಿಸಬೇಕಾದ ಅಂಶವೆಂದರೆ, ಸಾಮಗ್ರಿ ಬಹುಪಾಲು ಹಳೆಯದೇ. ಬದಲಾದದ್ದು ಪ್ರಶ್ನೆ. ಟಿಪ್ಪಣಿಗಳ ರಾಶಿ ತಾನಾಗಿಯೇ ಬರವಣಿಗೆಯಾಗುವುದಿಲ್ಲ. ಆದರೆ ಈ ಪಾಠಕ್ಕೊಂದು ಇನ್ನೊಂದು ಮುಖವೂ ಇದೆ. ಎಲ್ಲವೂ ಒಗ್ಗಟ್ಟಿಗಾಗಿಯೇ ಇದೆ ಎಂದು ನೋಡುವ ಕಣ್ಣಿಗೆ ಒಡಕು, ಅಸಮಾಧಾನ, ಬದಲಾವಣೆ ಕಡಿಮೆ ಕಾಣುತ್ತವೆ. 1946ರಲ್ಲಿ ಆಕ್ಸ್‌ಫರ್ಡ್‌ನ ಪೀಠಕ್ಕೆ ಬಂದ ಇ. ಇ. ಇವಾನ್ಸ್-ಪ್ರಿಚರ್ಡ್ ಇಂಥ ಸಂದೇಹಗಳಿಗೆ ದಾರಿ ತೆರೆದರು. ಮಾನವಶಾಸ್ತ್ರವು ನಿಸರ್ಗ ವಿಜ್ಞಾನಕ್ಕಿಂತ ಇತಿಹಾಸಕ್ಕೆ ಹತ್ತಿರವಾದುದು ಎಂದು ಅವರು 1950ರ ಒಂದು ಹೆಸರಾಂತ ಉಪನ್ಯಾಸದಲ್ಲಿ ವಾದಿಸಿದರು. ಅವರ ದೃಷ್ಟಿಯಲ್ಲಿ ಮಾನವಶಾಸ್ತ್ರಜ್ಞ ಒಂದು ಸಮಾಜದ ಅರ್ಥಲೋಕವನ್ನು ಇನ್ನೊಂದು ಸಮಾಜಕ್ಕೆ ತಿಳಿಯುವಂತೆ ಹೇಳುವವನು.

ರಾಂಪುರದ ದಿನಗಳು

ಇವಾನ್ಸ್-ಪ್ರಿಚರ್ಡ್ ಅವರು ಶ್ರೀನಿವಾಸ್ ಅವರಿಗೆ ಆಕ್ಸ್‌ಫರ್ಡ್‌ನಲ್ಲಿಯೇ ಭಾರತೀಯ ಸಮಾಜಶಾಸ್ತ್ರದ ಅಧ್ಯಾಪಕ ಹುದ್ದೆ ದೊರಕಿಸಿಕೊಟ್ಟರು. ಅಷ್ಟೇ ಅಲ್ಲ, ಮೊದಲ ವರ್ಷವನ್ನು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಕಳೆಯಲು ಅವಕಾಶವಿತ್ತರು. ಹೀಗೆ ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಶ್ರೀನಿವಾಸ್ ಆ ವರ್ಷದ ಬಹುಭಾಗವನ್ನು ಹಳ್ಳಿಯೊಂದರಲ್ಲಿ ಕಳೆದರು. ಬರಹಗಳಲ್ಲಿ ಅವರು ಅದಕ್ಕೆ ‘ರಾಂಪುರ’ ಎಂದು ಹೆಸರಿಟ್ಟರು. ಅದರ ನಿಜವಾದ ಹೆಸರು ಕೊಡಗಹಳ್ಳಿ ಎಂಬುದು ಈಗ ಎಲ್ಲರಿಗೂ ತಿಳಿದಿದೆ.

ಹೆಸರನ್ನು ಏಕೆ ಬದಲಿಸಬೇಕು ಎಂದು ನೀವು ಕೇಳಬಹುದು. ನಮ್ಮನ್ನು ನಂಬಿ ಮನೆಯ ಜಗಳ, ಸಾಲ, ಹಗೆತನಗಳನ್ನು ಹೇಳಿಕೊಂಡ ಜನ ನಮ್ಮ ಪುಸ್ತಕದಿಂದ ತೊಂದರೆಗೆ ಸಿಲುಕಬಾರದು. ಊರಿನ ಹೆಸರನ್ನೂ ವ್ಯಕ್ತಿಗಳ ಹೆಸರನ್ನೂ ಬದಲಿಸುವುದು ಮಾನವಶಾಸ್ತ್ರದ ಬರವಣಿಗೆಯಲ್ಲಿ ಬಹುಕಾಲದಿಂದ ಬಂದ ಪದ್ಧತಿ. ಸಂಗತಿ ನಿಜವಾಗಿರಬೇಕು, ಸಂಗತಿಗೆ ಸಂಬಂಧಿಸಿದವರು ಮಾತ್ರ ಸುರಕ್ಷಿತವಾಗಿರಬೇಕು.

ಶ್ರೀನಿವಾಸ್ ಬಿಡಾರ ಹೂಡಿದ್ದು ಊರಿನ ಪಟೇಲರಿಗೆ ಸೇರಿದ, ಎತ್ತುಗಳನ್ನು ಕಟ್ಟುತ್ತಿದ್ದ ಮನೆಯಲ್ಲಿ. ಹಳ್ಳಿಯವರು ಬಂದುಹೋಗುವ ಜಾಗ ಅದು, ಗೋಪ್ಯವೆಂಬುದಿಲ್ಲ. ನೋಡಲು ಬಂದವನನ್ನೇ ಊರು ನೋಡತೊಡಗಿತು. ಸ್ನಾನವಾದ ಮೇಲೆ ಕ್ಷೌರ ಮಾಡಿಕೊಂಡದ್ದಕ್ಕೆ ಊರಿನವರು ಆಕ್ಷೇಪಿಸಿದರು. ಬ್ರಾಹ್ಮಣನಾದವನು ಹೀಗೆ ಮಾಡಬಹುದೇ ಎಂಬುದು ಅವರ ಪ್ರಶ್ನೆ. ಆಕ್ಸ್‌ಫರ್ಡ್‌ನಿಂದ ಬಂದ ವಿದ್ವಾಂಸ ಜಾತಿಯ ಆಚಾರವನ್ನು ಬಿಟ್ಟಿದ್ದರೂ ಹಳ್ಳಿ ಬಿಡಲು ಒಪ್ಪಲಿಲ್ಲ. ಜಾತಿ ಎಂಬುದು ಪುಸ್ತಕದ ವಿಷಯವಾಗಿ ಉಳಿಯದೆ ಬರೆಯುವವನ ಮೈಮೇಲೆಯೇ ಬಂದು ಕುಳಿತಿತು.

ಪುರಾಣ ಶಾಸ್ತ್ರಗಳ ನಾಲ್ಕು ವರ್ಣಗಳ ಏಣಿ ಹಳ್ಳಿಯ ನೆಲದಲ್ಲಿ ಹಾಗೆಯೇ ನಿಂತಿಲ್ಲ ಎಂಬುದನ್ನು ಅವರು ಕಂಡದ್ದು ಇಲ್ಲಿ. ಊರಿನಲ್ಲಿ ಮಾತು ನಡೆಯುತ್ತಿದ್ದುದು ಭೂಮಿಯೂ ಸಂಖ್ಯಾಬಲವೂ ಇದ್ದ ಒಕ್ಕಲಿಗರದು. ಪೂಜೆಯ ಪಂಕ್ತಿಯಲ್ಲಿ ಮೇಲಿರುವವನು ಗದ್ದೆಯ ನೀರಿನ ವ್ಯಾಜ್ಯದಲ್ಲಿ ಅವರ ತೀರ್ಮಾನಕ್ಕೆ ತಲೆಬಾಗಬೇಕಿತ್ತು. ಇದರಿಂದ ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆ ಹುಟ್ಟಿತು. ಇಂದು ಚುನಾವಣೆಯ ಕಾಲದಲ್ಲಿ ಎಲ್ಲರ ಬಾಯಲ್ಲೂ ಬರುವ ‘ಓಟ್ ಬ್ಯಾಂಕ್’ ಎಂಬ ಮಾತನ್ನು ಬಳಕೆಗೆ ತಂದವರೂ ಶ್ರೀನಿವಾಸ್ ಎಂದು ಹೇಳಲಾಗುತ್ತದೆ. ಒಂದು ಹಳ್ಳಿಯನ್ನು ಹತ್ತಿರದಿಂದ ನೋಡಿದುದರಿಂದ ದೇಶದ ರಾಜಕೀಯವನ್ನು ಅರಿಯಲು ಪದಗಳು ದೊರೆತವು.

ಬೆಂಕಿ

1952ರಲ್ಲಿ ಅವರು ಮತ್ತೊಮ್ಮೆ ರಾಂಪುರಕ್ಕೆ ಹೋಗಿಬಂದರು. ಅಷ್ಟರಲ್ಲಿ ಆಕ್ಸ್‌ಫರ್ಡ್ ಬಿಟ್ಟು ಬರೋಡಾದ ವಿಶ್ವವಿದ್ಯಾಲಯವನ್ನು ಸೇರಿದ್ದರು. 1959ರಲ್ಲಿ ದೆಹಲಿಗೆ ಹೋಗಿ ಅಲ್ಲಿ ಸಮಾಜಶಾಸ್ತ್ರ ವಿಭಾಗವನ್ನು ಕಟ್ಟಿದರು. ಪಾಠ, ಆಡಳಿತ, ಉಪನ್ಯಾಸಗಳ ನಡುವೆ ರಾಂಪುರದ ಬಗ್ಗೆ ಲೇಖನಗಳು ಬಂದವು, ಆದರೆ ಇಡೀ ಪುಸ್ತಕ ಬರಲಿಲ್ಲ. ಕ್ಷೇತ್ರದಲ್ಲಿ ಬರೆದುಕೊಂಡ ಟಿಪ್ಪಣಿಗಳನ್ನು ವಿಷಯವಾರು ವಿಂಗಡಿಸಿ, ಜೋಡಿಸಿ, ಪ್ರತಿ ಮಾಡುವ ಕೆಲಸ ಹದಿನೆಂಟು ವರ್ಷ ನಡೆಯಿತು.

ಕೊನೆಗೆ ಪುಸ್ತಕ ಬರೆಯಲೆಂದೇ ಬಿಡುವು ಮಾಡಿಕೊಂಡು 1970ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿದ್ದ ಉನ್ನತ ಅಧ್ಯಯನ ಕೇಂದ್ರಕ್ಕೆ ಹೋದರು. ವಿಯೆಟ್ನಾಂ ಯುದ್ಧದ ವಿರುದ್ಧ ಅಮೆರಿಕದ ವಿದ್ಯಾರ್ಥಿಗಳು ಕೆರಳಿದ್ದ ಕಾಲ. 1970ರ ಏಪ್ರಿಲ್ 24ರಂದು ದುಷ್ಕರ್ಮಿಗಳು ಆ ಕೇಂದ್ರಕ್ಕೆ ಬೆಂಕಿ ಹಚ್ಚಿದರು. ಶ್ರೀನಿವಾಸ್ ಅವರ ಕೋಣೆ ಬೂದಿಯಾಯಿತು. ಹದಿನೆಂಟು ವರ್ಷ ಸಿದ್ಧಪಡಿಸಿದ ಟಿಪ್ಪಣಿಗಳ ಮೂರು ಪ್ರತಿಗಳೂ ಆ ಒಂದೇ ಕೋಣೆಯಲ್ಲಿದ್ದವು.

ಅವರಿಗಾಗ ಐವತ್ಮೂರು ವರ್ಷ. ಹಳ್ಳಿಯಲ್ಲಿ ನೆಲೆಸಿ ಇಪ್ಪತ್ತೆರಡು ವರ್ಷ ಕಳೆದಿತ್ತು. ಮತ್ತೆ ಹೋಗಿ ನೋಡೋಣವೆಂದರೆ 1948ರ ಹಳ್ಳಿ ಈಗ ಎಲ್ಲಿದೆ? ಅಂದಿನ ಹಿರಿಯರಲ್ಲಿ ಎಷ್ಟು ಮಂದಿ ಉಳಿದಿದ್ದಾರು?

ಈ ಸಂಕಟದ ಹೊತ್ತಿನಲ್ಲಿ ಷಿಕಾಗೋದ ಹಿರಿಯ ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ಒಂದು ಸಲಹೆ ಕೊಟ್ಟರು: ಟಿಪ್ಪಣಿ ಹೋದರೆ ಹೋಗಲಿ, ನೆನಪಿನಲ್ಲಿ ಇರುವುದನ್ನು ಬರೆಯಿರಿ. ಶ್ರೀನಿವಾಸ್ ಹಾಗೆಯೇ ಕುಳಿತು ಬರೆಯತೊಡಗಿದರು. ‘ದಿ ರಿಮೆಂಬರ್ಡ್ ವಿಲೇಜ್’, ಅಂದರೆ ನೆನಪಿನಲ್ಲಿ ಉಳಿದ ಹಳ್ಳಿ, ಎಂಬ ಪುಸ್ತಕ 1976ರಲ್ಲಿ ಪ್ರಕಟವಾಯಿತು.

ಓದಿದವರಿಗೆ ಆಶ್ಚರ್ಯ ಕಾದಿತ್ತು. ಕೋಷ್ಟಕ, ಅಂಕಿಅಂಶಗಳ ಜಾಗದಲ್ಲಿ ಈ ಪುಸ್ತಕದಲ್ಲಿ ಮನುಷ್ಯರು ಓಡಾಡುತ್ತಿದ್ದರು. ಕಡಿಮೆ ಮಾತಿನ, ಬಿಗಿ ಮುಖದ ಪಟೇಲರು. ಅವರ ಗೆಳೆಯ ನಾಡುಗೌಡರು. ಚತುರ, ಆದರೆ ಪೂರ್ತಿ ನಂಬಲಾಗದ ಕುಳ್ಳೇಗೌಡ. ಗದ್ದೆಯ ಕೆಲಸ, ದನಕರುಗಳ ವಿಚಾರ, ಗೆಳೆತನ, ಹಗೆತನ, ಹರಟೆ, ನಗೆ ಎಲ್ಲವೂ ಅಲ್ಲಿದ್ದವು. ಟಿಪ್ಪಣಿಗಳು ಉಳಿದಿದ್ದರೆ ಇನ್ನಷ್ಟು ಕರಾರುವಾಕ್ಕಾದ ಪುಸ್ತಕ ಬರುತ್ತಿತ್ತು. ಆದರೆ ಇಷ್ಟು ಜೀವಂತವಾದ ಪುಸ್ತಕ ಬರುತ್ತಿತ್ತೇ ಎಂದು ಓದುಗರು ಕೇಳುವಂತಾಯಿತು.

‘ಎಲ್ಲರೂ’ ಎಂದರೆ ಯಾರು?

ಆದರೆ ಇಲ್ಲಿ ನಾವು ಮೆಚ್ಚುಗೆಯಲ್ಲಿಯೇ ಮೈಮರೆಯಬಾರದು. 1978ರಲ್ಲಿ ಒಂದು ಸಮಾಜಶಾಸ್ತ್ರ ಪತ್ರಿಕೆ ಈ ಪುಸ್ತಕದ ಬಗ್ಗೆಯೇ ವಿಚಾರಗೋಷ್ಠಿಯಂಥ ವಿಶೇಷ ಸಂಚಿಕೆಯನ್ನು ಹೊರತಂದಿತು. ನೆನಪನ್ನು ಎಷ್ಟು ನಂಬಬಹುದು ಎಂಬುದು ಒಂದು ಪ್ರಶ್ನೆ. ನೆನಪು ಉಗ್ರಾಣವಲ್ಲ, ಅದು ಆರಿಸುತ್ತದೆ, ಹೊಳಪು ಕೊಡುತ್ತದೆ, ನೋವನ್ನು ಮಂಕಾಗಿಸುತ್ತದೆ. ಇಪ್ಪತ್ತೆರಡು ವರ್ಷಗಳ ನಂತರ ನೆನೆದ ಹಳ್ಳಿ ತುಸು ಹೆಚ್ಚೇ ಸೊಗಸಾಗಿ ಕಾಣುವ ಅಪಾಯ ಇದ್ದೇ ಇದೆ.

ಇದಕ್ಕಿಂತ ಗಂಭೀರವಾದದ್ದು ಇನ್ನೊಂದು. ಪಟೇಲರ ಆಶ್ರಯದಲ್ಲಿ ಇದ್ದವರಿಗೆ, ಅದರಲ್ಲೂ ಬ್ರಾಹ್ಮಣರಾದವರಿಗೆ, ಊರು ಕಾಣುವುದು ಒಂದು ಬಗೆಯಲ್ಲಿ ಮಾತ್ರ. ಭೂಮಿಯುಳ್ಳವರ ಜೊತೆ ಅವರ ಒಡನಾಟ ಹೆಚ್ಚು. ಹರಿಜನರ ಕೇರಿಗೆ ಅವರು ಬೇಕೆಂದಾಗ ಹೋಗಿ ಕುಳಿತು ಮಾತಾಡುವಂತಿರಲಿಲ್ಲ. ಹೆಂಗಸರ ಲೋಕವೂ ಗಂಡಸಾದ ಅವರಿಗೆ ಬಹುಮಟ್ಟಿಗೆ ಮುಚ್ಚಿತ್ತು. ಬಾಲ್ಯದಲ್ಲಿ ಹಿತ್ತಿಲ ಗೋಡೆಯಾಚೆಗೆ ನೋಡಿ ಬೆರಗಾದವರಿಗೆ ರಾಂಪುರದಲ್ಲಿ ಇನ್ನೊಂದು ಗೋಡೆ ಎದುರಾಗಿತ್ತು. ಈ ಮಿತಿಯನ್ನು ಶ್ರೀನಿವಾಸ್ ಮುಚ್ಚಿಡಲಿಲ್ಲ, ತಮ್ಮ ಪುಸ್ತಕದಲ್ಲಿಯೇ ಒಪ್ಪಿಕೊಂಡರು. ಕೆಂಪು ಶಾಯಿಯ ಮೂರನೆಯ ಪ್ರಶ್ನೆ, ‘ನೀವು ಎಲ್ಲಿ ನಿಂತಿದ್ದಿರಿ’ ಎಂಬುದಕ್ಕೆ ಅವರು ಉತ್ತರ ಬರೆದರು. ಆದರೆ ಒಪ್ಪಿಕೊಂಡ ಮಾತ್ರಕ್ಕೆ ಕೇರಿಯ ಕಥೆ ಪುಸ್ತಕದೊಳಗೆ ಬಂದುಬಿಡುವುದಿಲ್ಲ ಎಂಬುದೂ ಅಷ್ಟೇ ನಿಜ.

ಹಾಗಾದರೆ ಒಬ್ಬರ ಬರವಣಿಗೆ ಸಾಲದು. 1950ರ ದಶಕದ ಮಧ್ಯದಲ್ಲಿ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಸಂಶೋಧಕಿ ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳಲ್ಲಿ ನೆಲೆಸಿದರು. ಒಂದಕ್ಕೆ ನಾಲೆಯ ನೀರು ಬಂದಿತ್ತು, ಇನ್ನೊಂದಕ್ಕೆ ಇರಲಿಲ್ಲ. ನೀರು ಬಂದ ಮೇಲೆ ಕೂಲಿ, ಮದುವೆ, ಯಜಮಾನಿಕೆ ಏನಾದವು ಎಂಬುದು ಅವರ ಪ್ರಶ್ನೆ. ಪುಸ್ತಕ 1962ರಲ್ಲಿ ಬಂದಿತು. ರಾಂಪುರದಂಥದೇ ಸೀಮೆಯಾದರೂ ಪ್ರಶ್ನೆ ಬದಲಾದಾಗ ಕಂಡದ್ದೂ ಬದಲಾಯಿತು. ನಮ್ಮ ಕನ್ನಡದಲ್ಲಿಯೇ ಸಿದ್ಧಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಎಂಬ ಆತ್ಮಕಥೆಗಳು ಬಂದವು. ಇವು ಮಾನವಶಾಸ್ತ್ರದ ಗ್ರಂಥಗಳೆಂದು ಬರೆದವುಗಳಲ್ಲ. ಆದರೂ ಪಟೇಲರ ಮನೆಯ ಜಗುಲಿಯಿಂದ ಕಾಣದಿದ್ದುದು ಇವುಗಳಲ್ಲಿ ಕಾಣುತ್ತದೆ. ಸಮಾಜವನ್ನು ಓದುವ ವಿದ್ಯಾರ್ಥಿ ಇವೆಲ್ಲವನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು.

ಹೊರದೇಶದ ವಿದ್ವಾಂಸರೂ ಕ್ರಮೇಣ ಇದೇ ಪ್ರಶ್ನೆಗೆ ಬಂದರು. ಮಲಿನೋವ್ಸ್ಕಿ ತೀರಿಕೊಂಡ ಇಪ್ಪತ್ತೈದು ವರ್ಷಗಳ ನಂತರ, 1967ರಲ್ಲಿ, ಅವರ ಖಾಸಗಿ ದಿನಚರಿ ಅಚ್ಚಾಯಿತು. ಯಾರ ಬಗ್ಗೆ ಅಷ್ಟು ತಾಳ್ಮೆಯಿಂದ ಪುಸ್ತಕ ಬರೆದಿದ್ದರೋ ಅದೇ ಜನರ ಮೇಲಿನ ಅವರ ಅಸಹನೆ, ಬೇಸರ, ಒಂಟಿತನ ಅದರಲ್ಲಿ ಬಯಲಾಯಿತು. ಪುಸ್ತಕದಲ್ಲಿ ಕಾಣುವ ಶಾಂತ ವೀಕ್ಷಕನೂ ಬರವಣಿಗೆಯಿಂದಲೇ ಕಟ್ಟಿದ ಒಂದು ಪಾತ್ರವೇ ಎಂಬ ಪ್ರಶ್ನೆ ಎದ್ದಿತು. 1986ರಲ್ಲಿ ಜೇಮ್ಸ್ ಕ್ಲಿಫರ್ಡ್ ಮತ್ತು ಜಾರ್ಜ್ ಮಾರ್ಕಸ್ ಸಂಪಾದಿಸಿದ ಪ್ರಬಂಧ ಸಂಕಲನವೊಂದು, ಮಾನವಶಾಸ್ತ್ರಜ್ಞ ಮಾಡುವ ಮುಖ್ಯ ಕೆಲಸವೇ ಬರೆಯುವುದು, ಆದ್ದರಿಂದ ಆ ಬರವಣಿಗೆಯನ್ನೇ ಪರೀಕ್ಷಿಸಬೇಕು ಎಂಬ ಚರ್ಚೆಯನ್ನು ಮುನ್ನೆಲೆಗೆ ತಂದಿತು.

ನಿಮ್ಮ ನಾಲ್ಕು ಪುಟ

ಶ್ರೀನಿವಾಸ್ ಮುಂದೆ ಬೆಂಗಳೂರಿಗೆ ಬಂದು, 1972ರಲ್ಲಿ ಡಾ. ವಿ. ಕೆ. ಆರ್. ವಿ. ರಾವ್ ಅವರೊಡನೆ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟುವುದರಲ್ಲಿ ಕೈಜೋಡಿಸಿದರು. 1999ರ ನವೆಂಬರ್ 30ರಂದು ಬೆಂಗಳೂರಿನಲ್ಲಿ ನಿಧನರಾದರು. ಮೈಸೂರಿನ ಆ ವಿದ್ಯಾರ್ಥಿ ಮೂರು ಬಾರಿ ಬರೆಯಲು ಕಲಿಯಬೇಕಾಯಿತು. ಮುಂಬಯಿಯಲ್ಲಿ ಕೂಡಿಡುವುದನ್ನು ಕಲಿತರು. ಆಕ್ಸ್‌ಫರ್ಡ್‌ನಲ್ಲಿ ಕೂಡಿಟ್ಟದ್ದನ್ನು ಒಂದು ಪ್ರಶ್ನೆಯಿಂದ ಜೋಡಿಸುವುದನ್ನು ಕಲಿತರು. ಕೂಡಿಟ್ಟದ್ದು ಸುಟ್ಟುಹೋದಾಗ, ತಮ್ಮನ್ನು ತಾವು ಮರೆಮಾಡದೆ ಮನುಷ್ಯರ ಬಗ್ಗೆ ಬರೆಯುವುದನ್ನು ಕಲಿತರು.

ಈಗ ನಮ್ಮ ವಿದ್ಯಾರ್ಥಿನಿಯ ಕಡೆಗೆ ಮರಳೋಣ. ಆಕೆ ಸಿಟ್ಟು ಇಳಿದ ಮೇಲೆ ಊರಿಗೆ ಹೋಗುತ್ತಾಳೆ. ಮಾರಿಹಬ್ಬದ ದಿನ ಗುಡಿಯ ಮುಂದೆ ನಿಲ್ಲದೆ ಕೇರಿಯ ಕೊನೆಯಲ್ಲಿ ನಿಂತು ನೋಡುತ್ತಾಳೆ. ಅಜ್ಜಿಯನ್ನು, ತಮಟೆ ಬಾರಿಸುವವರನ್ನು, ಪೂಜಾರಿಯನ್ನು ಬೇರೆ ಬೇರೆಯಾಗಿ ಕೇಳುತ್ತಾಳೆ. ಮೂವರೂ ಹೇಳುವುದು ಮೂರು ಬಗೆಯ ಹಬ್ಬ. ಹಳೆಯ ಮೊದಲ ವಾಕ್ಯವನ್ನು ಆಕೆಯೇ ಹೊಡೆದುಹಾಕುತ್ತಾಳೆ.

ನೀವೂ ಮಾಡಿ ನೋಡಿ. ಒಂದು ನೋಟ್‌ಬುಕ್ಕಿನ ಹಾಳೆಯನ್ನು ಮೂರು ಭಾಗ ಮಾಡಿ. ಕಣ್ಣಾರೆ ಕಂಡದ್ದು ಒಂದರಲ್ಲಿ, ಯಾರು ಹೇಳಿದರೆಂಬುದರ ಸಮೇತ ಕೇಳಿದ್ದು ಎರಡನೆಯದರಲ್ಲಿ, ನಿಮ್ಮ ಊಹೆ ಮೂರನೆಯದರಲ್ಲಿ ಇರಲಿ. ಬರೆದದ್ದನ್ನು ಅದೇ ದಿನ ರಾತ್ರಿ ಮತ್ತೊಮ್ಮೆ ಓದಿ ತುಂಬಿ. ನಿಮ್ಮನ್ನು ನಂಬಿ ಮಾತಾಡಿದವರಿಗೆ ತೊಂದರೆಯಾಗುವಂತಿದ್ದರೆ ಹೆಸರು ಬದಲಿಸಿ. ನೀವು ಯಾರ ಮನೆಯ ಜಗುಲಿಯಲ್ಲಿ ಕುಳಿತು ನೋಡಿದಿರಿ ಎಂಬುದನ್ನು ಮರೆಯದೆ ಬರೆಯಿರಿ.

ಹಾಗೆಯೇ, ಬರೆದುದರ ಒಂದು ಪ್ರತಿಯನ್ನು ಬೇರೊಂದು ಮನೆಯಲ್ಲಿಡಿ.